ಏಳನೇ ಬಿಲ್ಲೆ ಬಿಳಿ ಇತ್ತು

ನವೆಂಬರ್ ೧೧

ಚೋಟು,

ಇತ್ತ ನಾನು ಕ್ಷೇಮ ಎಂದು ಶುರು ಮಾಡಿದರೆ ನೀನು ನಗುತ್ತೀಯ. ಆದ್ದರಿಂದ ಬದುಕಿದ್ದೇನೆ ಎಂದಷ್ಟೇ ಬರೆಯುತ್ತೇನೆ. ಆಸ್ಪತ್ರೆಯಿಂದ ಬಿಟ್ಟು ಆರು ದಿನವಾಯಿತು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ ಉಳಿದಿದೆ. ಉಪ್ಪುನೀರು ಹೊಕ್ಕು ಸೋಂಕಾಗಿತ್ತಂತೆ. "ಒಂದು ದಿನ ಮೊದಲು ಬಂದಿದ್ದರೆ ಉಳಿಸಬಹುದಿತ್ತು" ಎಂದರು ಡಾಕ್ಟರು. ನಾನೇನು ಸಂತೆಗೆ ಹೋಗಿ ತಡ ಮಾಡಿದೆನೇ? ಮೊನ್ನೆ ನೀನು ಫೋನ್ ಮಾಡಿದಾಗ ಡಬ್ಬಿಯೊಳಗೆ ಜೀರುಂಡೆ ಕೂಗಿದಂತೆ ಕೇಳಿಸಿತು. ಅಳುತ್ತಿದ್ದೀ ಎಂದು ಮಾತ್ರ ಗೊತ್ತಾಯಿತು. ಇನ್ನು ಮೇಲೆ ಕಾಗದ ಬರೆ. ಮೆಸೇಜು ಬೇಡ. ನೀನು ಎರಡು ಮಾತು ಬರೆದು ಒಂದು ಹೂವಿನ ಚಿತ್ರ ಹಾಕಿ ಕೈತೊಳೆದುಕೊಳ್ಳುತ್ತೀಯ.

ಚಂಡಮಾರುತ ಹೋದ ಮೇಲೆ ನಮ್ಮ ಕಡಲ ಪಾರ್ಕಿನ ಸ್ಥಿತಿ ನೋಡಿದರೆ ನಿನಗೆ ಗುರುತೇ ಸಿಗುವುದಿಲ್ಲ. ಗೇಟುಕೋಣೆ ಇದ್ದ ಕಡೆ ಎರಡು ಸಿಮೆಂಟಿನ ಮೆಟ್ಟಿಲು ಉಳಿದಿವೆ. ನಿನ್ನ ಸಸಿಮನೆಯ ಹಸಿರು ಬಲೆ ದೀಪದ ಕಂಬಕ್ಕೆ ಸುತ್ತಿಕೊಂಡಿದೆ. ಮರಳದಿಬ್ಬ ಮೂರು ಕಡೆ ಒಡೆದಿದೆ. ಕಡಲ ಬದಿಯ ನಾಲ್ಕು ಕಿಲೋಮೀಟರ್ ಕಾಲುದಾರಿಯಲ್ಲಿ ಒಂದೂವರೆ ಉಳಿದಿದೆ, ಅದೂ ಅಲ್ಲಲ್ಲಿ. ಹನ್ನೊಂದು ವರ್ಷ ನಾನು ಒಂದೊಂದೇ ಮೊಳೆ ಹೊಡೆಸಿ ಹಾಕಿಸಿದ ಹಲಗೆದಾರಿ ಹಿನ್ನೀರಿನ ಆಚೆ ಕೆಸರಿನಲ್ಲಿ ರಾಶಿ ಬಿದ್ದಿದೆ. ನಾನು ಹತ್ತಿ ಕೂತ ವೀಕ್ಷಣೆಯ ಗೋಪುರ ಮಾತ್ರ ಹಲ್ಲು ಕಿರಿದುಕೊಂಡು ನಿಂತಿದೆ.

ಅವತ್ತು ಆದದ್ದು ಇಷ್ಟು. ನನ್ನ ಸೈಕಲ್ಲನ್ನು ನಮ್ಮ ಬಡಗಿಗೆ ಕೊಟ್ಟು ಮನೆಗೆ ಓಡಿಸಿದೆ, ಅವನ ಹೆಂಡತಿಗೆ ತುಂಬು ತಿಂಗಳು. ನಾನು ನಡೆದೇ ತುದಿಯವರೆಗೆ ಹೋಗಿ ತಗಡಿನ ಫಲಕಗಳನ್ನು ಕಿತ್ತು ಕಟ್ಟಿಟ್ಟೆ, ಗಾಳಿಗೆ ಹಾರಿದರೆ ಯಾರದಾದರೂ ಕತ್ತು ಹೋಗುತ್ತದೆ. ತಿರುಗಿ ಬರುವಷ್ಟರಲ್ಲಿ ದಿಬ್ಬ ಒಡೆದು ದಾರಿಗೆ ಅಡ್ಡ ಎದೆಮಟ್ಟ ನೀರು. ಗೋಪುರ ಹತ್ತಿದೆ. ಹೆದರಲಿಲ್ಲ ಕಣೇ. ಗೇಟಿನಲ್ಲಿ ನನ್ನ ಏಳನೇ ಬಿಲ್ಲೆ ಕೆಂಪಿದೆ, ಗೇಟು ಕಾಯುವ ಲೆಕ್ಕದ ಮಾಮ ನೋಡುತ್ತಾರೆ, ದೋಣಿ ಬರುತ್ತದೆ ಎಂದುಕೊಂಡೆ. ಎರಡು ರಾತ್ರಿ ಹಾಗೇ ಅಂದುಕೊಂಡೆ. ಮೂರನೇ ಬೆಳಿಗ್ಗೆ ಬಂದದ್ದು ಮೀನಿನವರ ದೋಣಿ, ಅದೂ ಕಳೆದುಹೋದ ಬಲೆ ಹುಡುಕಿಕೊಂಡು.

ಇಲಾಖೆಗೆ ದೂರು ಕೊಟ್ಟಿದ್ದೇನೆ. ವಿಚಾರಣೆಯ ಸಾಹೇಬರಿಗೆ ನಮ್ಮ ಪದ್ಧತಿ ತಿಳಿಯದು, ಆದ್ದರಿಂದ ಬಿಡಿಸಿ ಬರೆದೆ: "ಗೇಟುಕೋಣೆಯ ಹಲಗೆಯ ಮೇಲೆ ಹತ್ತೊಂಬತ್ತು ಜನರಿಗೆ ಹತ್ತೊಂಬತ್ತು ಬಿಲ್ಲೆಗಳಿವೆ. ಒಳಗೆ ಹೋಗುವವರು ತಮ್ಮ ಬಿಲ್ಲೆಯ ಕೆಂಪು ಮೈ ಹೊರಗೆ ಮಾಡಬೇಕು, ವಾಪಸು ಬಂದವರು ಬಿಳಿ ಮೈ ಹೊರಗೆ ಮಾಡಬೇಕು. ಒಂದು ಕೆಂಪಿದ್ದರೂ ಗೇಟಿನವರು ಬೀಗ ಹಾಕುವಂತಿಲ್ಲ. ಆ ದಿನ ನನ್ನದು ಕೆಂಪಿತ್ತು. ಗೇಟಿನವರು ಹಲಗೆ ನೋಡದೆ, ಎಲ್ಲರೂ ಹೊರಗಿದ್ದಾರೆ ಎಂದು ವರದಿ ಕೊಟ್ಟರು."

ಹೊರಗೆ ಬರುವಾಗ ಬಿಲ್ಲೆ ತಿರುಗಿಸಲು ನಾನು ಸದಾ ಮರೆಯುತ್ತಿದ್ದೆ, ಅದು ನಿಜ. ಒಳಗೆ ಹೋಗುವಾಗ ಒಂದು ದಿನವೂ ಮರೆತಿಲ್ಲ.

ಲೆಕ್ಕದ ಮಾಮ ನಮ್ಮನ್ನು ಮಕ್ಕಳ ಹಾಗೆ ನೋಡಿಕೊಂಡವರು, ಅದಕ್ಕೇ ಇಷ್ಟು ಉರಿಯುತ್ತಿದೆ. ಬೇರೆ ಯಾರಾದರೂ ಆಗಿದ್ದರೆ ಹಾಳಾಗಿ ಹೋಗಲಿ ಎನ್ನುತ್ತಿದ್ದೆ. ನನ್ನನ್ನು ಅಲ್ಲಿ ಕೊಳೆಯಲು ಬಿಟ್ಟವರನ್ನು ನಾನು ಸುಮ್ಮನೆ ಬಿಡುವವಳಲ್ಲ.

ನಿನ್ನಿಂದ ಒಂದು ಕೆಲಸ ಆಗಬೇಕು. ಆಶ್ರಯ ಶಾಲೆಗೆ ವ್ಯಾನು ಹೊರಡುವ ಮೊದಲು ಗೇಟುಕೋಣೆಯಲ್ಲಿ ಮಾಮನನ್ನು ಬಿಟ್ಟರೆ ಕೊನೆಗೆ ಇದ್ದವಳು ನೀನು. ಹಲಗೆ ನೋಡಿದೆಯಾ? ಏಳು ಕೆಂಪಿತ್ತು ತಾನೇ? ಎರಡು ಸಾಲು ಬರೆದು ಸಹಿ ಹಾಕಿ ಕಳಿಸು. ಹಲಗೆ ಕಡಲು ಸೇರಿದೆ, ನಿನ್ನ ಮಾತೇ ಸಾಕ್ಷಿ.

ನಿನ್ನ ಅಕ್ಕ


ನವೆಂಬರ್ ೨೪

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಬಂದ ದಿನ ಅದನ್ನು ಮೂರು ಸಲ ಓದಿದೆ. ಮುತ್ತಿನಂತಿದ್ದ ನಿನ್ನ ಅಕ್ಷರ ಈಗ ಒಂದು ಕಡೆಗೆ ವಾಲಿದೆ. ಔಷಧಿ ತಪ್ಪಿಸಬೇಡ.

ನಾವು ಇಲ್ಲಿ ಚೆನ್ನಾಗಿದ್ದೇವೆ. ನೀನು ಆಸ್ಪತ್ರೆಯಲ್ಲಿದ್ದಾಗಲೇ ವರ್ಗವಾಗಿ ಬಂದ ಹೊಸ ಆಫೀಸು ಮನೆಯವರಿಗೆ ಒಗ್ಗಿದೆ. ನಾನು ಹೂವಿನ ಸಸಿ ಮಾರುವ ಒಂದು ತೋಟದಲ್ಲಿ ಕೆಲಸಕ್ಕೆ ಸೇರಿದ್ದೇನೆ. ಇಲ್ಲಿಂದ ಕಡಲು ಹದಿಮೂರು ಗಂಟೆಯ ದಾರಿ. ಮಣ್ಣು ಕೆಂಪು, ಗಾಳಿಯಲ್ಲಿ ಉಪ್ಪಿಲ್ಲ.

ದಿಬ್ಬ ಕಟ್ಟುವ ಕೆಲಸ ಶುರು ಮಾಡಿದರೆ ಅವಸರಪಟ್ಟು ಮೊದಲು ಗಿಡ ನೆಡಬೇಡ ಅಕ್ಕಾ. ಮೊದಲು ಕಡ್ಡಿಬೇಲಿ ಹಾಕಿಸು. ಮೊಣಕಾಲೆತ್ತರ ಸಾಕು, ಗಾಳಿಗೆ ನೇರ ಅಡ್ಡವಾಗಿ ಬೇಡ, ಸ್ವಲ್ಪ ಓರೆಯಾಗಿರಲಿ. ಬೇಲಿಯ ಹಿಂದೆ ಮರಳು ತಾನೇ ಕೂರುತ್ತದೆ. ಒಂದು ಮೊಳ ಮರಳು ಕೂತ ಮೇಲೆ ಮರಳಬಳ್ಳಿಯ ತುಂಡು ನೆಡಿಸು. ತುಂಡಿಗೆ ನಾಲ್ಕು ಗೆಣ್ಣಿರಬೇಕು, ಮೂರು ಒಳಗೆ, ಒಂದು ಹೊರಗೆ. ಎಳೆಯ ತುದಿ ಬೇಡ, ಬಲಿತ ಬಳ್ಳಿಯೇ ಆಗಬೇಕು. ನೆಟ್ಟ ದಿನ ಸಿಹಿನೀರು ಕೊಡಿಸು. ಕಾಲುದಾರಿಯನ್ನು ದಿಬ್ಬದ ಮೇಲೆ ಮತ್ತೆ ಹಾಕಿಸಬೇಡ. ಹಿಂದುಗಡೆಯಿಂದ ಸುತ್ತಿಸು. ಜನ ತುಳಿದೇ ದಿಬ್ಬ ಸವೆದಿತ್ತು, ಮೊದಲೇ ಹೇಳಿದ್ದೆ.

ನೀನು ಕೇಳಿದ ವಿಷಯ. ಅವತ್ತು ನನಗೆ ತುಂಬ ಗಡಿಬಿಡಿ. ವ್ಯಾನಿನವನು ಹಾರನ್ ಹೊಡೆಯುತ್ತಿದ್ದ. ನಾನು ಹಲಗೆ ನೋಡಲಿಲ್ಲ. ಬೇರೆ ಚೀಟಿಯಲ್ಲಿ ಹಾಗೇ ಬರೆದು ಸಹಿ ಹಾಕಿದ್ದೇನೆ.

ಬೆಚ್ಚಗಿರು.

ನಿನ್ನ ಚೋಟು


ಡಿಸೆಂಬರ್ ೧೯

ಚೋಟು,

ಗೆದ್ದೆ. ವಿಚಾರಣೆ ಮುಗಿಯಿತು.

ಆಫೀಸಿನಲ್ಲಿ ಇನ್ನೂ ಕೆಸರು, ಆದ್ದರಿಂದ ಪ್ರಾಥಮಿಕ ಶಾಲೆಯ ಒಂದು ಕೋಣೆಯಲ್ಲಿ ನಡೆಸಿದರು. ಸಾಹೇಬರಿಗೂ ಮಕ್ಕಳ ಬೆಂಚೇ ಗತಿ. ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ನ್ಯಾಯ ಹೇಳಿದರು. ನಗು ಬಂತು, ಆದರೆ ನಗಲಿಲ್ಲ.

ಮಾಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಒಂದೇ ಪಾಠ ಒಪ್ಪಿಸಿದರು: "ಎರಡು ಸಲ ಎಣಿಸಿದೆ ಸ್ವಾಮಿ. ಬಾಯಿಬಿಟ್ಟು ಎಣಿಸಿದೆ. ಹತ್ತೊಂಬತ್ತೂ ಬಿಳಿ. ಏಳನೇ ಬಿಲ್ಲೆ ಬಿಳಿ ಇತ್ತು."

ಸಾಹೇಬರು ಕೇಳಿದರು: "ಹಾಗಾದ್ರೆ ಬಿಲ್ಲೆ ತಾನೇ ತಿರುಗಿಕೊಳ್ತಾ? ಅದಕ್ಕೇನು ಜೀವ ಇದೆಯಾ?" ಎಲ್ಲರೂ ನಕ್ಕರು. ಮಾಮನೂ ಅವರ ಜೊತೆ ಸ್ವಲ್ಪ ನಕ್ಕುಬಿಟ್ಟರು, ಪಾಪ, ಯಾಕೆಂದು ಅವರಿಗೇ ಗೊತ್ತಿಲ್ಲ.

ನನಗೆ ಕೇಳಿಸದ ಕಾರಣ ನನ್ನ ಗಂಟಲು ದೊಡ್ಡದಾಗಿದೆಯಂತೆ. ಕೋಣೆ ಹಾರಿಹೋಗುವ ಹಾಗೆ ಕೂಗಿದೆ ಎಂದು ಆಮೇಲೆ ಬಡಗಿ ಹೇಳಿದ. "ನನ್ನ ಕೈಯಾರೆ ಕೆಂಪು ಮಾಡಿ ಹೋಗಿದ್ದೀನಿ ಮಾಮ! ನೋಡ್ಲಿಲ್ಲ ಅಂತ ಒಪ್ಕೊಂಡ್ಬಿಡಿ! ಗಾಳಿಗೆ ಹೆದ್ರಿದ್ರಿ, ಓಡಿದ್ರಿ, ಅಷ್ಟೇ ತಾನೇ?"

ಬಡಗಿ, ಆ ಗಾಳಿಯಲ್ಲಿ ಯಾರಿಗೆ ಎಣಿಸುವ ಧೈರ್ಯ ಬರುತ್ತದೆ ಎಂದ. ವ್ಯಾನಿನವನೂ ಅದನ್ನೇ ಹೇಳಿದ. ಕೊನೆಗೆ ಸಾಹೇಬರು ನಿನ್ನ ಚೀಟಿ ಓದಿದರು. "ನೋಡಿ, ಕಣ್ಣು ಚುರುಕಾಗಿರೋ ಹುಡುಗಿಗೇ ಹಲಗೆ ಕಡೆ ನೋಡೋಕೆ ಪುರುಸೊತ್ತಿರಲಿಲ್ಲ, ನಿಮಗಿತ್ತಾ?" ಎಂದರು. ಅಲ್ಲಿಗೆ ಮಾಮ ಅಂಗಿಯ ಗುಂಡಿ ಹಾಕುವುದು ತೆಗೆಯುವುದು ಮಾಡುತ್ತ ಕೂತರು. ನಿನ್ನ ಚೀಟಿ ಇಷ್ಟು ಕೆಲಸ ಮಾಡುತ್ತದೆಂದು ನಾನು ಎಣಿಸಿರಲಿಲ್ಲ. ಜಾಣೆ.

ಕೆಲಸದಿಂದ ತೆಗೆದಿದ್ದಾರೆ. ನಿವೃತ್ತಿಗೆ ಇನ್ನೆರಡೇ ವರ್ಷವಿತ್ತು. ಇಲಾಖೆಯ ಮನೆ ತಿಂಗಳೊಳಗೆ ಬಿಡಬೇಕು. ಹೊರಗೆ ಬಂದಾಗ ಮಾಮ ನನ್ನ ಹತ್ತಿರ ಬಂದು ಏನೋ ಅಂದರು, ಎಡಗಡೆಯಿಂದ ಅಂದಿದ್ದರಿಂದ ನನಗೆ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿ ಎನ್ನಲೂ ಇಲ್ಲ.

ಇಲಾಖೆಯವರು ಈಗ ಬಿಲ್ಲೆಗೆ ಬೀಗ ಹಾಕಿಸುತ್ತಾರಂತೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿಬಾಗಿಲು ಹಾಕಿದರಂತೆ, ಆ ಜಾತಿ.

ಬೇಲಿ ನೀನು ಹೇಳಿದ ಹಾಗೇ ಓರೆಯಾಗಿ ಹಾಕಿಸುತ್ತಿದ್ದೇನೆ. ಗೆದ್ದ ಖುಷಿಗೆ ಒಂದು ಹೊಸ ಸೀರೆ ತೆಗೆದುಕೋ, ನಾನು ಕೊಡಿಸಿದ್ದು ಎಂದುಕೋ.

ಅಕ್ಕ


ಜನವರಿ ೮

ಅಕ್ಕಾ,

ಮಾಮ ಈಗ ಎಲ್ಲಿದ್ದಾರೆ? ಊಟಕ್ಕೇನು ಮಾಡುತ್ತಿದ್ದಾರೆ? ಅತ್ತೆ ಹೋದ ಮೇಲೆ ಅವರಿಗೆ ಅಡುಗೆ ಮಾಡಿಕೊಳ್ಳಲು ಬರುವುದಿಲ್ಲ. ಕ್ಯಾಂಟೀನಿನ ಊಟವೇ ಆಗಿತ್ತು.

ಅಷ್ಟು ದೊಡ್ಡ ಶಿಕ್ಷೆ ಬೇಕಿತ್ತಾ? ಮಳೆಗಾಲದಲ್ಲಿ ನಾವಿಬ್ಬರೂ ನೆನೆದು ಬಂದರೆ ತಮ್ಮ ಟವೆಲ್ ಕೊಟ್ಟು, ಇವತ್ತು ಎರಡು ಕೋತಿ ವಾಪಸ್ ಎಂದು ಎಣಿಸುತ್ತಿದ್ದವರು. ನೀನು ಸಾಹೇಬರಿಗೆ ಒಂದು ಮಾತು ಹೇಳಿ ಕಡಿಮೆ ಮಾಡಿಸಲು ಆಗುವುದಿಲ್ಲವಾ?

ಸೀರೆ ತೆಗೆದುಕೊಳ್ಳಲಿಲ್ಲ. ಯಾಕೋ ಮನಸ್ಸಾಗಲಿಲ್ಲ.

ಚೋಟು


ಫೆಬ್ರವರಿ ೨

ಚೋಟು,

ನಿನ್ನ ಮನೆಯಲ್ಲಿ ಏನೋ ಸರಿಯಿಲ್ಲ, ನನ್ನಿಂದ ಮುಚ್ಚಿಡುತ್ತಿದ್ದೀಯ. ಒಂದು ಪುಟದ ಕಾಗದ ಅರ್ಧ ಪುಟಕ್ಕೆ ಇಳಿದಿದೆ. ಸೀರೆ ಬೇಡವಂತೆ! ಹುಟ್ಟಿದಾರಭ್ಯ ನೀನು ಸೀರೆ ಬೇಡ ಎಂದವಳಲ್ಲ. ಗಂಡ ಏನಾದರೂ ಅಂದನೇ? ಅಂದಿದ್ದರೆ ಹೇಳು, ನನಗೆ ಕಿವಿ ಕೇಳಿಸದಿದ್ದರೂ ಬಾಯಿ ಗಟ್ಟಿಯಾಗಿದೆ. ಇಲ್ಲ, ಬರೀ ಊರಿನ ನೆನಪೋ? ಸಸಿಮನೆಗೆ ಜನ ಬೇಕಾಗಿದ್ದಾರೆ, ನಿನ್ನ ಜಾಗ ನಾನು ಹಿಡಿದಿಟ್ಟಿದ್ದೇನೆ. ಹೂಂ ಅಂದರೆ ಸಾಕು.

ಮಾಮನ ಸುದ್ದಿ ಕೇಳಿದೆಯಲ್ಲ. ಟೈರು ಅಂಗಡಿಯ ಹಿಂದೆ ಒಂದು ಕೋಣೆ ಹಿಡಿದಿದ್ದಾರೆ. ಹೋದ ವಾರ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಬೇಲಿ ಕೆಲಸದ ಹತ್ತಿರ ಬಂದು ನಿಂತರು. ನಾನು ಮುಖ ತಿರುಗಿಸಿದೆ. ಸುತ್ತಿಕೊಂಡು ನನ್ನ ಬಲಗಡೆಗೇ ಬಂದರು. "ಕೆಲಸಕ್ಕೆ ಸೇರಿಸ್ಕೋ ಅಂತ ಕೇಳ್ತಿಲ್ಲಮ್ಮ. ಸುಮ್ನೆ ಕಡ್ಡಿ ಎತ್ತಿ ಕೊಡ್ತೀನಿ. ಕೋಣೇಲಿ ಕೂತ್ರೆ ತಲೆ ಕೆಡುತ್ತೆ" ಎಂದರು. ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬಡಗಿ ಅವರ ಕೈಗೆ ಕಟ್ಟು ಕೊಟ್ಟಾಗಿತ್ತು.

ಆರು ದಿನ ಕಡ್ಡಿ ಹೊತ್ತರು. ಬೇಲಿಯ ಹಿಂದೆ ಗೇಣುದ್ದ ಮರಳು ಕೂತಿದೆ, ನೀನು ನೋಡಬೇಕಿತ್ತು.

ನಿನ್ನೆ ಟೀ ಕುಡಿಯುವಾಗ ತಾವೇ ಬಾಯಿಬಿಟ್ಟರು. "ನೀನು ಹೇಳಿದ್ದೇ ಸರಿ ಇರ್ಬೇಕಮ್ಮ. ಕೂತ್ಕೊಂಡು ಮತ್ತೆ ಮತ್ತೆ ನೆನೆಸ್ಕೊಂಡೆ. ಎಣಿಸಿದ್ದು ನೆನಪಿದೆ. ಆದ್ರೆ ಇಪ್ಪತ್ತಾರು ವರ್ಷದ ಅಭ್ಯಾಸ ನೋಡು, ಬಾಯಿ ಎಣಿಸಿರುತ್ತೆ, ಕಣ್ಣು ನೋಡಿರಲ್ಲ. ಇಷ್ಟು ಜನ ಹೇಳ್ತಿದ್ದಾರೆ ಅಂದ್ರೆ ಎಲ್ಲರೂ ಸುಳ್ಳು ಹೇಳ್ತಾರಾ? ಆ ಮಗೂನೂ ನೋಡ್ಲಿಲ್ಲ ಅಂತ ಬರ್ದಿದೆ. ನಾನೂ ನೋಡಿಲ್ಲ."

ಅಂತೂ ಒಪ್ಪಿಕೊಂಡರು. ಈ ಮಾತಿಗೇ ನಾನು ಮೂರು ತಿಂಗಳು ಹಲ್ಲು ಕಚ್ಚಿಕೊಂಡು ಕಾದಿದ್ದೆ. ಬಂದ ಮೇಲೆ ಏನೂ ಅನ್ನಿಸಲಿಲ್ಲ. ಟೀ ತಣ್ಣಗಾಗಿತ್ತು, ಚೆಲ್ಲಿದೆ. ಆಮೇಲೆ ಅವರು ಸಾಮಾನು ಎಣಿಸಿ ಶೆಡ್ಡಿಗೆ ಹಾಕಿದರು. ಗುದ್ದಲಿ ಹದಿನಾಲ್ಕು ಎಂದವರು ನನ್ನ ಕಡೆ ತಿರುಗಿ, "ನೀನೊಂದ್ಸಲ ನೋಡ್ಬಿಡಮ್ಮ, ನನ್ನ ಲೆಕ್ಕ ನಂಬಬೇಡ" ಎಂದರು. ನೋಡಿದೆ. ಹದಿನಾಲ್ಕೇ ಇತ್ತು.

ಬೇಗ ಬರೆ. ಗಂಡನ ವಿಷಯ ಮುಚ್ಚಿಡಬೇಡ.

ಅಕ್ಕ


ಫೆಬ್ರವರಿ ೧೬

ಅಕ್ಕಾ,

ಗಂಡ ಏನೂ ಅಂದಿಲ್ಲ. ಅವರಿಗೆ ಈ ವಿಷಯ ಗೊತ್ತೂ ಇಲ್ಲ. ನಿಂತುಕೊಂಡು ಓದುತ್ತಿದ್ದರೆ ಕೂತುಕೋ.

ಏಳನೇ ಬಿಲ್ಲೆ ಬಿಳಿ ಇತ್ತು. ಬಿಳಿ ಮಾಡಿದ್ದು ನಾನು.

ಅವತ್ತು ನಿನ್ನ ಹುಡುಕಿಕೊಂಡು ಮೊದಲು ಸೈಕಲ್ ಶೆಡ್ಡಿಗೆ ಹೋದೆ. ನಿನ್ನ ಸೈಕಲ್ ಇರಲಿಲ್ಲ. ಸರಿ, ಇವಳು ಆಗಲೇ ಹೋಗಿದ್ದಾಳೆ ಎಂದುಕೊಂಡು ಗೇಟುಕೋಣೆಗೆ ಬಂದರೆ ಏಳು ಕೆಂಪು. ಎಂದಿನ ಹಾಗೆ ಮರೆತಿದ್ದೀಯ ಎಂದುಕೊಂಡೆ. ನಿನಗೆ ನೆನಪಿದೆಯಾ, ವಾರಕ್ಕೆ ಮೂರು ದಿನ ನೀನು ಮರೆತು ಹೋಗುತ್ತಿದ್ದೆ, ಮಾಮ ಬೈಯುವ ಮೊದಲು ನಾನು ತಿರುಗಿಸುತ್ತಿದ್ದೆ. ಬೇರೆಯವರ ಬಿಲ್ಲೆ ಮುಟ್ಟಬಾರದು ಎಂದು ಹಲಗೆಯ ಮೇಲೇ ಬರೆದಿತ್ತು. ಅಕ್ಕನ ಬಿಲ್ಲೆ ಬೇರೆಯವರದು ಎಂದು ನನಗೆ ಯಾವತ್ತೂ ಅನ್ನಿಸಲಿಲ್ಲ. ತಿರುಗಿಸಿದೆ. ಮಾಮ ಆಚೆ ಕೋಣೆಯಲ್ಲಿ ಕಿಟಕಿಗೆ ಹಲಗೆ ಹೊಡೆಯುತ್ತಿದ್ದರು. ವ್ಯಾನು ಹತ್ತಿದೆ. ಕಿಟಕಿಯಿಂದ ತಿರುಗಿ ನೋಡಿದಾಗ ಅವರು ಹಲಗೆಯ ಮುಂದೆ ನಿಂತು ಬೆರಳಿಟ್ಟು ಎಣಿಸುತ್ತಿದ್ದರು. ಅದನ್ನು ನನ್ನ ಕಣ್ಣಿನಿಂದ ನೋಡಿದ್ದೇನೆ ಅಕ್ಕಾ.

ಇಷ್ಟೇ ಆಗಿದ್ದರೆ ಅದನ್ನು ತಪ್ಪು ಎನ್ನಬಹುದಿತ್ತು. ಮುಂದಿನದನ್ನು ಏನೆನ್ನಬೇಕೋ ಗೊತ್ತಿಲ್ಲ. ನೀನು ಇನ್ನೊಂದು ಆಶ್ರಯ ಶಾಲೆಯಲ್ಲಿದ್ದೀ ಎಂದುಕೊಂಡಿದ್ದೆ. ಮಾರನೆಯ ದಿನ ಮಧ್ಯಾಹ್ನ ಆ ಶಾಲೆಯಿಂದ ಬಂದವರು ನೀನು ಅಲ್ಲಿಲ್ಲ ಎಂದರು. ನನಗೆ ಆ ಕ್ಷಣವೇ ಅರ್ಥವಾಯಿತು. ಅಧಿಕಾರಿಯ ಹತ್ತಿರ ಓಡಿ, ನನ್ನ ಅಕ್ಕ ಒಳಗೇ ಇರಬಹುದು ಎಂದೆ. ಅವರು ಪಟ್ಟಿ ನೋಡಿ, "ಎಲ್ಲರೂ ಹೊರಗೆ ಬಂದಿದ್ದಾರೆ, ಗೇಟಿನ ಲೆಕ್ಕ ಸರಿಯಾಗಿದೆ, ಸುಮ್ನೆ ಗಾಬರಿಯಾಗಬೇಡಿ" ಎಂದರು. ಬಿಲ್ಲೆ ತಿರುಗಿಸಿದ್ದು ನಾನೇ ಸಾರ್ ಎನ್ನಲು ನಾಲಿಗೆ ಏಳಲಿಲ್ಲ. ಸುತ್ತ ನಮ್ಮವರೆಲ್ಲ ನಿಂತಿದ್ದರು. ಆಗ ಹೇಳಿದ್ದರೆ ಅವತ್ತೇ ದೋಣಿ ಹೋಗುತ್ತಿತ್ತು. ಒಂದು ದಿನ ಮೊದಲು ಬಂದಿದ್ದರೆ ಎಂದು ಡಾಕ್ಟರು ಅಂದರಲ್ಲ, ಆ ಒಂದು ದಿನ ಇದೇ.

ನೀನು ಆಸ್ಪತ್ರೆಯಿಂದ ಮನೆಗೆ ಬಂದೆ ಎಂದು ತಿಳಿದಾಗ ಎಲ್ಲ ಹೇಳಿಬಿಡಬೇಕು ಎಂದೇ ಫೋನ್ ಮಾಡಿದೆ. ಬರೀ ಅತ್ತುಬಿಟ್ಟೆ. ಆಮೇಲೆ ನಿನ್ನ ಕಾಗದ ಬಂತು, ಬಿಟ್ಟವರನ್ನು ಸುಮ್ಮನೆ ಬಿಡುವವಳಲ್ಲ ಎಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಸ್ಥಿತಿ. ನೋಡಲಿಲ್ಲ ಎಂದು ಬರೆದರೆ ಯಾರಿಗೂ ತೊಂದರೆಯಿಲ್ಲ ಎಂದುಕೊಂಡೆ. ಅದೇ ಮಾಮನ ಕತ್ತಿಗೆ ಬಂತು.

ಬರೀ ಸುಳ್ಳಲ್ಲ, ಹೇಡಿತನ. ನಿನ್ನ ಕಿವಿ ಹೋಯಿತು, ಅವರ ಮಾನ ಹೋಯಿತು. ನಾನು ಇಲ್ಲಿ ಹೂವಿನ ಗಿಡಕ್ಕೆ ನೀರು ಹಾಕುತ್ತಿದ್ದೇನೆ. ನೀನು ಹೊಡೆದರೂ ಸರಿ. ಮಾಮನಿಗೆ ಈ ಕಾಗದ ಓದಿ ಹೇಳು. ಅವರು ನೋಡಿದ್ದರು, ಸರಿಯಾಗಿಯೇ ಎಣಿಸಿದ್ದರು.

ಚೋಟು


ಮಾರ್ಚ್ ೨೦

ಅಕ್ಕಾ,

ಒಂದು ತಿಂಗಳಾಯಿತು. ಅಂಚೆಯವನು ನಮ್ಮ ಬೀದಿಗೆ ಬಂದರೆ ಒಳಗೆ ಹೋಗಿಬಿಡುತ್ತೇನೆ, ಅವನು ದಾಟಿ ಹೋದ ಮೇಲೆ ಹೊರಗೆ ಬಂದು ನೋಡುತ್ತೇನೆ. ನೀನು ಬೈದು ಬರೆದರೂ ಸಾಕು. ಬರೆಯದೇ ಇರಬೇಡ.

ವಿಚಾರಣೆಯ ಸಾಹೇಬರಿಗೆ ಎಲ್ಲವನ್ನೂ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಮನೆಯವರಿಗೂ ಹೇಳಿದೆ. ಅವರು "ಮೊದಲೇ ಹೇಳ್ಬೇಕಿತ್ತು" ಎಂದರು, ಅಷ್ಟೇ. ಮಾಮನಿಗೆ ಬರೆಯಲು ಕೂತರೆ "ಪೂಜ್ಯ ಮಾಮನವರಿಗೆ" ಎಂಬಲ್ಲಿಗೆ ನಿಲ್ಲುತ್ತದೆ.

ಚೋಟು


ಏಪ್ರಿಲ್ ೨೮

ಚೋಟು,

ಬರೆಯಬಾರದು ಎಂದೇ ಇದ್ದೆ. ನಿನ್ನ ಕಾಗದ ಬಂದ ದಿನ ಕೆಲಸದ ಚೀಲದಲ್ಲಿ ತುರುಕಿಕೊಂಡು ಹಲಗೆದಾರಿಗೆ ಹೋದೆ. ಮೊಳೆ ಹೊಡೆಯುತ್ತಿದ್ದ ಸುತ್ತಿಗೆಯನ್ನು ಹಿನ್ನೀರಿಗೆ ಎಸೆದೆ. ಬಡಗಿ ಗಾಬರಿಯಾಗಿ ನೋಡಿದ. ನಿನ್ನ ಮೇಲೆ ಅಷ್ಟು ಕೋಪ ಬಂದಿತ್ತು. ಸುಳ್ಳು ಹೇಳುವುದಿಲ್ಲ, ಈಗಲೂ ಇದೆ. ಗೋಪುರದ ಮೇಲೆ ಎರಡನೇ ರಾತ್ರಿ ನಾನು ನಿನ್ನ ಹೆಸರು ಹಿಡಿದು ಕೂಗಿದ್ದೆ. ನೀನು ಅದೇ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಇದನ್ನು ಹೊಟ್ಟೆಯಲ್ಲಿ ಹಾಕಿಕೊಳ್ಳಲು ನನಗೆ ಇನ್ನೂ ಸ್ವಲ್ಪ ಸಮಯ ಬೇಕು. ಹೋಗಲಿ ಬಿಡು ಎಂದು ಇವತ್ತೇ ಬರೆದರೆ ಅದೂ ಸುಳ್ಳೇ ಆಗುತ್ತದೆ.

ಆದರೆ ಬಿಲ್ಲೆ ನೀನು ತಿರುಗಿಸಿದ್ದು ನನ್ನ ಮರೆವಿನಿಂದ. ವಾರಕ್ಕೆ ಮೂರು ದಿನ ನಾನೇ ನಿನ್ನ ಕೈಗೆ ಆ ಅಭ್ಯಾಸ ಹಚ್ಚಿದೆ. ಶಾಲೆಯ ಕೋಣೆಯಲ್ಲಿ ಗಂಟಲು ಹರಿದು ಕೂಗಿದವಳೂ ನಾನೇ. ಮಾಮ ನಿಜ ಹೇಳುತ್ತಿರಬಹುದೇ ಎಂದು ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು. ಅವರು ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ತಪ್ಪು ಎಣಿಸಿದವರಲ್ಲ. ಯೋಚಿಸಲಿಲ್ಲ, ಸಿಟ್ಟಿನಲ್ಲಿ ಅಷ್ಟು ಸುಖವಿತ್ತು. ಆದ್ದರಿಂದ ಎಲ್ಲವನ್ನೂ ನಿನ್ನ ತಲೆಗೆ ಕಟ್ಟುವುದಿಲ್ಲ.

ಎರಡು ವಾರ ಕಳೆದು ಮಾಮನ ಕೋಣೆಗೆ ಹೋದೆ. ಒಂದು ಮಂಚ, ಒಂದು ಸ್ಟೌ, ಗೋಡೆಯ ಮೇಲೆ ಅತ್ತೆಯ ಫೋಟೋ. ನಿನ್ನ ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಎಣಿಸುತ್ತಿದ್ದುದನ್ನು ಕಣ್ಣಿನಿಂದ ನೋಡಿದ್ದೇನೆ ಎಂಬ ಸಾಲನ್ನು ಎರಡು ಸಲ ಓದಿದೆ. ಕಾಲು ಹಿಡಿಯಲು ಬಗ್ಗಿದೆ, ಬಿಡಲಿಲ್ಲ.

ಕನ್ನಡಕ ತೆಗೆದು ಒರೆಸಿಕೊಂಡರು. "ಎಂಥಾ ಒಳ್ಳೆ ಮಗು ಅದು" ಎಂದರು. "ನನ್ನ ಕಷ್ಟ ನೋಡೋಕಾಗ್ದೆ ತನ್ನ ತಲೆ ಮೇಲೆ ಹಾಕ್ಕೊಂಡಿದೆ. ನೀನೂ ಸೇರ್ಕೊಂಡು ಬರ್ಸಿದ್ಯಾ?"

ಇಲ್ಲ ಮಾಮ, ಇದು ನಿಜ ಎಂದೆ. ಬಲಗಿವಿಯ ಹತ್ತಿರ ಬಗ್ಗಿ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು: "ನಾನು ನೋಡ್ಲಿಲ್ಲಮ್ಮ. ಈಗ ಚೆನ್ನಾಗಿ ನೆನಪಿದೆ. ಹಲಗೆ ಮುಂದೆ ನಿಂತಿದ್ದೆ, ಗಾಳಿ ಸದ್ದಿಗೆ ಎದೆ ಹೊಡ್ಕೊಳ್ತಿತ್ತು, ಕಣ್ಣು ಮುಚ್ಕೊಂಡು ಎಣಿಸಿದೆ. ಅಷ್ಟೇ ಆಗಿದ್ದು."

ನಾವೆಲ್ಲ ಸೇರಿ ಹೇಳಿ ಹೇಳಿ ಅವರಿಗೆ ಆಗದೇ ಇದ್ದ ನೆನಪನ್ನು ಕೊಟ್ಟಿದ್ದೇವೆ ಚೋಟು. ಅದನ್ನು ಕೊಡಲು ಎರಡು ತಿಂಗಳೂ ಹಿಡಿಯಲಿಲ್ಲ. ವಾಪಸು ತೆಗೆದುಕೊಳ್ಳುವುದು ಹೇಗೆ ಎಂದು ನನಗೆ ತಿಳಿಯುತ್ತಿಲ್ಲ.

ಸಾಹೇಬರು ನಿನ್ನ ರಿಜಿಸ್ಟರ್ಡ್ ಕಾಗದ ನೋಡಿ ಆದೇಶ ಬದಲಿಸಿದ್ದಾರೆ. ಆರೋಪ ಹಿಂದಕ್ಕೆ ಪಡೆದಿದ್ದಾರೆ. ಕೆಲಸ, ಮನೆ ಎರಡೂ ವಾಪಸು. ನಾನೂ ಬಡಗಿಯೂ ಆದೇಶ ಹಿಡಿದುಕೊಂಡು ಓಡಿದೆವು. ಮಾಮ ನಿಂತು ಓದಿದರು, ಕೈಮುಗಿದರು. "ಸಾಹೇಬ್ರು ದೊಡ್ಡ ಮನಸ್ಸು ಮಾಡಿದ್ದಾರೆ. ಎಲ್ಲರೂ ಸೇರಿ ಕ್ಷಮಿಸಿದ್ದೀರಿ" ಎಂದರು. ಕ್ಷಮೆಯಲ್ಲ ಮಾಮ, ನೀವು ತಪ್ಪೇ ಮಾಡಿಲ್ಲ ಎಂದು ಬಡಗಿ ಕೂಗಿದ. ಮಾಮ ಅವನ ಕೈ ತಟ್ಟಿದರು. ಮನೆಗೆ ಹೋಗಿದ್ದಾರೆ. ಗೇಟಿನ ಕೆಲಸ ಮಾತ್ರ ಸುತರಾಂ ಒಪ್ಪಲಿಲ್ಲ. "ಜೀವದ ವಿಷಯ. ಕಣ್ಣು ಸರಿ ಇರೋರನ್ನ ಹಾಕಿ" ಎಂದರು.

ನಿನ್ನೆ ಹೊಸ ಕಾಲುದಾರಿ ತೆರೆದೆವು. ದಿಬ್ಬದ ಹಿಂದಿನಿಂದ ಸುತ್ತಿಕೊಂಡು ಹೋಗುತ್ತದೆ, ನೀನು ಹೇಳಿದ ಹಾಗೆ. ಬಳ್ಳಿ ಮುಕ್ಕಾಲು ಪಾಲು ಹಿಡಿದಿದೆ. ಶಾಲೆಯ ಮಕ್ಕಳು ಬಂದಿದ್ದರು. ಹೊಸ ಗೇಟಿನವನು ಹಲಗೆ ಎಣಿಸುವಾಗ ಮಾಮ ಅತ್ತ ಕಣ್ಣು ಹಾಯಿಸದೆ ಕಡಲ ಕಡೆ ತಿರುಗಿ ನಿಂತಿದ್ದರು.

ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ ಕೇಳಿದೆ: "ಅವಳು ಬಂದು ನಿಮ್ಮೆದುರಿಗೇ ನಿಂತು ಹೇಳಿದ್ರೆ ನಂಬ್ತೀರಾ?"

"ಯಾಕಮ್ಮ ಅಷ್ಟು ದೂರದಿಂದ ಆ ಮಗೂನ ಕರೆಸ್ತೀಯ?" ಎಂದರು. "ಬಂದ್ರೆ ಅಳುತ್ತೆ. ಮಾಮನಿಗೆ ನಿನ್ನ ಮೇಲೆ ಏನೂ ಕೋಪ ಇಲ್ಲ, ತಪ್ಪು ಮಾಮನದೇ, ನೀನು ಸುಮ್ನೆ ಕೊರಗಬೇಡ ಅಂತ ಬರಿ. ಇವತ್ತೇ ಬರಿ."

ಅವರು ಹೇಳಿದ ಹಾಗೇ ಬರೆದಿದ್ದೇನೆ.

ಅಕ್ಕ